ಬಲಗಡೆಯ ಎದೆನೋವು

ಆಮೊಸ್ ವಿಕೆರಿಯ ಮುಖ ಕಂಡರೆ ಲಂಡನ್ನಿನಲ್ಲಿ ನಗದವರೇ ಇರಲಿಲ್ಲ. ಹಾಗಂತ ಅವನೇನು ಕೋಡಂಗಿಯಲ್ಲ. ಜೀವಮಾನದಲ್ಲಿ ಒಂದೇ ಒಂದು ನಗೆಮಾತನ್ನು ನೆಟ್ಟಗೆ ಹೇಳಿ ಮುಗಿಸಿದವನಲ್ಲ. ಹೇಳಲು ಹೊರಟರೆ ನಗು ಬರಬೇಕಾದ ಜಾಗದಲ್ಲೇ ಮಾತು ಮರೆತು, "ಅದೇನೋ ಒಂದು ಅಂದನಂತೆ, ಎಲ್ಲಾ ನಕ್ಕರಂತೆ" ಎಂದು ಮುಗಿಸಿಬಿಡುತ್ತಿದ್ದ. ಹಾಲ್ಬರ್ನಿನ ಕೊಡೆ ಅಂಗಡಿಯೊಂದರಲ್ಲಿ ಕಡ್ಡಿಗಳಿಗೆ ರೇಷ್ಮೆ ಹೊಲಿಯುವುದು ಅವನ ಕಸುಬು. ಆದರೆ ದೇವರು ಅವನಿಗೊಂದು ಮುಖ ಕೊಟ್ಟಿದ್ದ. ಉದ್ದನೆಯ ಮುಖ, ಜೋಲುಬಿದ್ದ ಕೆನ್ನೆ, ಏನೋ ಕೇಳಬೇಕೆಂದು ಬಂದು ಕೇಳಲಾರದೆ ನಿಂತವನ ಹುಬ್ಬು. ಆ ಮುಖ ವಾರವಾರವೂ ಬುಧವಾರದ ನಗೆಪತ್ರಿಕೆಯಲ್ಲಿ ರೋಗಿಯ ಮುಖವಾಗಿ ಅಚ್ಚಾಗುತ್ತಿತ್ತು.

ಆ ಚಿತ್ರಗಳನ್ನು ನೋಡದವರು ಯಾರಿದ್ದರು! ಹಾಸಿಗೆಯಲ್ಲೋ ಒರಗುಕುರ್ಚಿಯಲ್ಲೋ ಕುಲಾವಿ ಹಾಕಿಕೊಂಡ ರೋಗಿ. ಪಕ್ಕದಲ್ಲಿ ಎತ್ತರದ ಕರಿಟೋಪಿಯ ಡಾಕ್ಟರು. ಕೆಳಗೆ ಎರಡು ಸಾಲು ಮಾತು. "ನಾನು ಹೇಳಿದ ಹಾಗೆ ಒಂದಾದ್ರೂ ಚಟ ಬಿಟ್ರಾ?" "ಬಿಟ್ಟೆ ಡಾಕ್ಟ್ರೇ, ನಿಮ್ಮ ಔಷಧಿ ಬಿಟ್ಟೆ. ಈಗ ಹಾಯಾಗಿದೀನಿ." ಇನ್ನೊಂದರಲ್ಲಿ ಡಾಕ್ಟರು ಸಮುದ್ರದ ಗಾಳಿ ತೆಗೆದುಕೊಳ್ಳಿ ಅಂದರೆ, ರೋಗಿ ಜೋಲುಮೋರೆ ಹಾಕಿಕೊಂಡು, "ಊಟಕ್ಕೆ ಮುಂಚೆಯೋ, ಆಮೇಲೋ?" ಎಂದು ಕೇಳುತ್ತಾನೆ. ಜನ ಅವನ್ನು ಕತ್ತರಿಸಿ ಹೆಂಡದಂಗಡಿಯ ಗೋಡೆಗೆ ಅಂಟಿಸಿದರು, ಕ್ಷೌರದಂಗಡಿಗೆ ಅಂಟಿಸಿದರು. ತಮ್ಮನ್ನೇ ಆಡಿಕೊಂಡ ಚಿತ್ರಗಳಿಗೆ ಡಾಕ್ಟರುಗಳೂ ಚೌಕಟ್ಟು ಹಾಕಿಸಿ ತಮ್ಮ ರೋಗಿಗಳು ಕಾಯುವ ಕೋಣೆಯಲ್ಲಿ ತೂಗುಹಾಕಿಕೊಂಡರು. ಅದೇನು ದೊಡ್ಡ ಮನಸ್ಸೋ, ಹೆಮ್ಮೆಯೋ ಯಾರಿಗೆ ಗೊತ್ತು.

ಚಿತ್ರ ಬರೆಯುತ್ತಿದ್ದವನು ಹೊರೇಸ್ ಬ್ರಾಬಿನ್. ಕೆಟ್ಟವನಲ್ಲ, ನಗುವವನ ಹಾಗೆ ಗಟ್ಟಿ ಗಂಟಲು, ತಿನ್ನುವವನ ಹಾಗೆ ಗುಂಡು ಹೊಟ್ಟೆ. ಅವನಿಗೆ ಆಮೊಸ್ ಸಿಕ್ಕಿದ್ದು ಬಾಡಿಗೆ ಬಂಡಿಯೊಂದರಲ್ಲಿ. ಎದುರು ಬೆಂಚಿನಲ್ಲಿ ಕೂತ ಈ ಮುಖವನ್ನು ನೋಡಿದ್ದೇ ಬ್ರಾಬಿನ್ನನ ಕೈ ತುರಿಸತೊಡಗಿತು.

"ಹಲ್ಲುನೋವೇನಯ್ಯಾ?" ಎಂದು ಕೇಳಿದ.

"ಅಲ್ಲ ಸರ್. ಹೆಂಡ್ತಿ ಹೋದ್ಳು. ಇನ್ನೂ ಒಂದು ತಿಂಗಳಾಗಿಲ್ಲ."

ಬ್ರಾಬಿನ್ ತಕ್ಷಣ ಟೋಪಿ ತೆಗೆದ. "ಅಯ್ಯೋ ಪಾಪ" ಅಂದ, ಮನಸಾರೆಯೇ ಅಂದ. ಆದರೆ ಕಣ್ಣು ಮಾತ್ರ ಆ ಮುಖದಿಂದ ಕೀಳಲಿಲ್ಲ. ಬಂಡಿ ಇಳಿಯುವ ಹೊತ್ತಿಗೆ, ಸೋಮವಾರ ಸೋಮವಾರ ತನ್ನ ಮನೆಗೆ ಬಂದು ಸುಮ್ಮನೆ ಕೂತಿದ್ದರೆ ಸಾಕು, ಅದಕ್ಕೆ ಕೂಲಿ ಕೊಡುತ್ತೇನೆ ಎಂದು ಮಾತು ಮುಗಿಸಿದ್ದ. ನೋಡಿ, ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದು ಯಾವುದಕ್ಕೆ ಅಂದರೆ, ಒಬ್ಬ ಗಂಡಸು ಹೆಂಡತಿಯನ್ನು ಕಳೆದುಕೊಂಡ ಮುಖಕ್ಕೆ. ಅದನ್ನು ಯಾರೂ ಯಾರಿಗೂ ಹೇಳಲಿಲ್ಲ.

ಆ ಹೆಂಡತಿ, ಲೆಟಿಸ್, ಬಾಯಿಬಡಕಿ. ಬೆಳಗ್ಗೆ ಕೆಟಲು ಒಲೆಗೆ ಇಡುವಾಗ ಶುರುವಾದ ಮಾತು ದೀಪ ಆರಿಸಿದರೂ ನಿಲ್ಲುತ್ತಿರಲಿಲ್ಲ. ಮೀನಿನವಳು ತೂಕದಲ್ಲಿ ಮೋಸ ಮಾಡಿದ್ದು, ಪಾದ್ರಿಯ ಹೆಂಡತಿಯ ಹೊಸ ಬಾನೆಟ್ಟು ಟೋಪಿ, ಕೆಳಮನೆಯವರ ಜಗಳ. ಆಮೊಸ್‌ನ ಪಾಲಿಗೆ ಇದ್ದದ್ದು ಎರಡೇ ಮಾತು: "ಹೌದಾ?" ಮತ್ತು "ಬಿಡು ಅತ್ಲಾಗೆ." ಮಕ್ಕಳಿರಲಿಲ್ಲ. ಅವಳು ಹೋದ ಮೇಲೆ ಮೂರನೇ ಅಂತಸ್ತಿನ ಆ ಕೋಣೆ ಎಷ್ಟು ಮೂಕವಾಯಿತು ಎಂದರೆ, ಒಮ್ಮೊಮ್ಮೆ ಅವನು ಒಬ್ಬನೇ ಕೂತು "ಹೌದಾ?" ಅನ್ನುತ್ತಿದ್ದ. ಅಂದ ಮೇಲೆ ನಾಚಿಕೆಯಾಗಿ ಬೂಟು ಒರೆಸಲು ಕೂರುತ್ತಿದ್ದ.

ಹೀಗಾಗಿ ಸೋಮವಾರಗಳು ಅವನಿಗೆ ಹಬ್ಬ. ವಾರವಿಡೀ ಅವನ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಕೊಡೆ ಅಂಗಡಿಯಲ್ಲಿ ನೋಡುವುದು ಹೊಲಿಗೆಯನ್ನು. ಬ್ರಾಬಿನ್ ಒಬ್ಬನೇ ಗಂಟೆಗಟ್ಟಲೆ ರೆಪ್ಪೆ ಬಡಿಯದೆ ನೋಡುತ್ತಿದ್ದ. "ಎಡಹುಬ್ಬು ಸ್ವಲ್ಪ ಎತ್ತಯ್ಯಾ. ಆಹಾ, ಪುಣ್ಯಾತ್ಮ! ಹಾಗೇ ಇರು!" ಮಧ್ಯೆ ಟೀ, ಬೆಣ್ಣೆ ಸವರಿದ ಬಿಸಿ ರೊಟ್ಟಿ. ಆಮೊಸ್‌ಗೆ ಕೂಲಿ ಕೊಡದಿದ್ದರೂ ನಡೆಯುತ್ತಿತ್ತು.

ಇನ್ನು ಆ ಕೆಲಸದ ರೀತಿಯನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಎಡವಟ್ಟಾದದ್ದೆಲ್ಲ ಅದರಿಂದಲೇ. ಚಿತ್ರವನ್ನು ಬರೆಯುತ್ತಿದ್ದುದು ಕಾಗದದ ಮೇಲಲ್ಲ, ಬಿಳಿ ಬಳಿದ ಮರದ ಅಚ್ಚಿನ ಮೇಲೆ. ಆಮೇಲೆ ಕೆತ್ತುವವರು ಗೆರೆ ಬಿಟ್ಟು ಉಳಿದದ್ದನ್ನು ಕೆತ್ತಿ ತೆಗೆಯುತ್ತಿದ್ದರು. ಅದಕ್ಕೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ಚಿತ್ರ. ಮೊಹರು ಒತ್ತಿದವರಿಗೆಲ್ಲ ಗೊತ್ತು, ಒತ್ತಿದಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ಆದ್ದರಿಂದ ಚಿತ್ರಗಾರ ಎಲ್ಲವನ್ನೂ ತಿರುವುಮುರುವು ಬರೆಯಬೇಕು. ಬ್ರಾಬಿನ್ನನಿಗೆ ಅದು ಮಹಾ ಬೇಸರ. "ತಿರುಗಿಸಿ ಬರೆದ್ರೆ ನನ್ನ ತಲೆ ತಿರುಗುತ್ತೆ ಕಣಯ್ಯಾ. ನೀನೇ ತಿರುವುಮುರುವಾಗಿ ಕೂತುಬಿಡು, ನಾನು ಕಂಡದ್ದನ್ನ ಕಂಡ ಹಾಗೆ ಬರೀತೀನಿ" ಎಂದು ವಿಧಿಸಿದ. ಆಮೊಸ್‌ಗೆ ಒಂದು ಕೋಟು ಹೊಲಿಸಿದ, ಅದರ ಗುಂಡಿ ಗಂಡಸರ ಕೋಟಿಗಿರುವ ಕಡೆ ಇಲ್ಲ, ಇನ್ನೊಂದು ಕಡೆ. ಚಮಚ ಎಡಗೈಯಲ್ಲಿ. ಹೃದಯ ಬಲಗಡೆ.

ಇದರಲ್ಲಿ ಒಮ್ಮೆ ಮಾತ್ರ ಎಡವಿದರು. ಶುರುವಿನಲ್ಲೇ, ಆಮೊಸ್ ಗೊತ್ತಿಲ್ಲದೆ ನಿಜವಾದ ಹೃದಯದ ಮೇಲೆಯೇ ಕೈ ಇಟ್ಟುಕೊಂಡ. ಅಚ್ಚಾದಾಗ ರೋಗಿ ಬಲ ಎದೆ ಹಿಡಿದು ನರಳುತ್ತಿದ್ದ. ಅಬ್ಬಬ್ಬಾ, ದೇಶದ ಡಾಕ್ಟರುಗಳೆಲ್ಲ ಮುಗಿಬಿದ್ದರು. ಸಂಪಾದಕ ಕರೆದು ಉಗಿದ. ಅಂದಿನಿಂದ ಬ್ರಾಬಿನ್ ಅವನಿಗೆ ಪಾಠ ಹೇಳಿದ ಹಾಗೆ ಕಲಿಸಿದ. "ಹೃದಯ!" ಅಂದ ಕೂಡಲೇ ಕೈ ಬಲ ಎದೆಗೆ ಹೋಗಬೇಕು. ಅನುಮಾನ ಇಲ್ಲ, ಯೋಚನೆ ಇಲ್ಲ. ಹನ್ನೊಂದು ವರ್ಷ ಹಾಗೆ ಹೋಯಿತು ಕೈ. ಕಲಿತದ್ದು ರಕ್ತಕ್ಕೆ ಇಳಿದರೆ ಹುಟ್ಟುಗುಣದ ಹಾಗೆ, ಸುಟ್ಟರೂ ಹೋಗುವುದಿಲ್ಲ.

ಡಾಕ್ಟರ ವೇಷಕ್ಕೆ ಮನುಷ್ಯ ಇರಲಿಲ್ಲ, ಒಂದು ಮರದ ಬೊಂಬೆ ಇತ್ತು. ಕೀಲು ಕೀಲಿಗೂ ಬಾಗುವ ಆಳುದ್ದದ ಬೊಂಬೆ. ಅದಕ್ಕೆ ಕರಿಕೋಟು, ಕರಿಟೋಪಿ ಹಾಕಿ, ಅದರ ಕೈಗೆ ಆಮೊಸ್‌ನ ಮಣಿಕಟ್ಟು ಕೊಟ್ಟು ನಾಡಿ ಹಿಡಿಸುತ್ತಿದ್ದರು. "ಸರ್ ವಿಲಿಯಂ" ಎಂದು ಬ್ರಾಬಿನ್ ಅದಕ್ಕೆ ಹೆಸರಿಟ್ಟಿದ್ದ. ಆಮೊಸ್ ಬಂದವನೇ ಅದಕ್ಕೆ "ನಮಸ್ಕಾರ ಸರ್ ವಿಲಿಯಂ, ಚಳಿ ಜಾಸ್ತಿ" ಅನ್ನುತ್ತಿದ್ದ. ತಮಾಷೆಗೆ ಅಂತ ಬ್ರಾಬಿನ್ ತಿಳಿದಿದ್ದ.

ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ ನೋವು ಶುರುವಾಯಿತು. ಕಲ್ಲಿದ್ದಲ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುವಾಗ ಎದೆಯ ಎಡಗಡೆ ಯಾರೋ ಮುಷ್ಟಿ ಹಿಡಿದು ಹಿಂಡಿದ ಹಾಗಾಯಿತು. ಎಡಗೈ ಕಿರುಬೆರಳ ತನಕ ಜೋಮು ಹಿಡಿಯಿತು. ಬಕೆಟ್ಟನ್ನು ಮೆಟ್ಟಿಲ ಮೇಲೆ ಇಟ್ಟು, ಗೋಡೆಗೆ ಒರಗಿ ನಿಂತ. ಮನೆಯೊಡತಿ ಮಿಸೆಸ್ ಪಾಟಲ್ ಕೆಳಗಿನಿಂದ ಬಂದಳು. ದಪ್ಪ ಹೆಂಗಸು, ಬಾಯಿ ಜೋರು, ಕೈ ಧಾರಾಳ.

"ಏನ್ ವಿಕೆರಿಯವ್ರೇ, ಇದು ಈ ಬುಧವಾರದ್ದಾ, ಬರೋ ಬುಧವಾರದ್ದಾ?"

"ಇಲ್ಲ ಮಿಸೆಸ್ ಪಾಟಲ್, ಎದೆ... ನಿಜವಾಗ್ಲೂ ನೋಯ್ತಿದೆ."

"ನೋಡ್ರಪ್ಪ, ನೋಡಿ! ಏನ್ ಮುಖ ಮಾಡ್ತಾನೆ ಈ ಮನುಷ್ಯ! ಸಾಕು ಬಿಡ್ರೀ, ನಕ್ಕು ನಕ್ಕು ನನ್ನ ಲಾಡಿ ಕಿತ್ತೋಗುತ್ತೆ" ಎಂದು ಅವಳು ಸೆರಗಿನಂಥ ತನ್ನ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಇಳಿದುಹೋದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹೆಂಡದಂಗಡಿಯಲ್ಲಿ ಹೇಳಿದ. ಅಲ್ಲಿ ಅವನು ಒಳಗೆ ಕಾಲಿಟ್ಟರೆ ಸಾಕು, "ಎಲ್ಲಿ, ನಾಲಿಗೆ ತೋರ್ಸಿ!" ಎಂದು ಬಂಡಿ ಹೊಡೆಯುವವರೆಲ್ಲ ಒಂದೇ ದನಿಯಲ್ಲಿ ಕೂಗುತ್ತಿದ್ದರು. ಅವನೂ ತೋರಿಸುತ್ತಿದ್ದ, ಇಲ್ಲದಿದ್ದರೆ ಅವನ ಹತ್ತಿರ ಮಾತಾಡುವವರು ಯಾರು? ಆವತ್ತು ಮಾತ್ರ ತೋರಿಸದೆ, "ನನಗೆ ಮೈ ಸರಿಯಿಲ್ಲ ಕಣ್ರಪ್ಪ" ಅಂದ. ಮೇಜು ತಟ್ಟಿ ತಟ್ಟಿ ನಕ್ಕರು. ಕೊಡೆ ಅಂಗಡಿಯ ಯಜಮಾನನಿಗೆ ಹೇಳಿದ. "ವಿಕೆರಿ, ಸೋಮವಾರದ ಆಟ ಸೋಮವಾರಕ್ಕಿರಲಿ" ಅಂದ ಅವನು. ತೋಳ ಬಂತು ತೋಳ ಎಂದು ಆಮೊಸ್ ಒಂದು ದಿನವೂ ಸುಳ್ಳು ಕೂಗಿದವನಲ್ಲ. ಅವನ ಹೆಸರಿನಲ್ಲಿ ಪತ್ರಿಕೆ ಕೂಗುತ್ತಿತ್ತು.

ಬ್ರಾಬಿನ್ನನಿಗೆ ಮಾತ್ರ ಹೇಳಲಿಲ್ಲ. ಅವನೊಬ್ಬ ನಂಬಿದರೂ ನಂಬಬಹುದು, ಆಗ ಸೋಮವಾರ ಹೋಗುತ್ತದೆ ಎಂಬ ಭಯ. ನಿಜವಾದ ರೋಗಿಯನ್ನು ರೋಗಿಯ ವೇಷಕ್ಕೆ ಯಾರು ಕೂರಿಸುತ್ತಾರೆ?

ಸಾಯುವುದಕ್ಕೆ ಅವನು ಹೆದರಲಿಲ್ಲ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಲೆಟಿಸ್ ಹೋದ ಕಡೆಗೆ ಹೋಗುವುದಕ್ಕೆ ಏನು ಭಯ? ಅವನಿಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ತಾನು ಮೆಟ್ಟಿಲಲ್ಲಿ ಕುಸಿದು ಬಿದ್ದಿರುವಾಗಲೂ ಜನ ಸುತ್ತ ನಿಂತು ನಗುತ್ತಿರುತ್ತಾರೆ, ಸತ್ತಿದ್ದಾನೆ ಎಂದು ತಿಳಿಯುವ ತನಕ ನಗುತ್ತಿರುತ್ತಾರೆ ಎಂದು. ಯಾರಾದರೂ ಒಬ್ಬರು ನಂಬಬೇಕು. ಒಬ್ಬರು ಸಾಕು. ಆ ಒಬ್ಬರು ಡಾಕ್ಟರೇ ಆಗಿರಲಿ ಎಂದು ಅವನು ಕಡೆಗೆ ಗಟ್ಟಿಮನಸ್ಸು ಮಾಡಿದ.

ಡಾಕ್ಟರ್ ಕಾಲ್ತರ್ಪ್ ದೊಡ್ಡ ಹೆಸರಿನವರು, ಆದರೂ ಶುಕ್ರವಾರ ಬೆಳಗ್ಗೆ ಬಡಬಗ್ಗರನ್ನು ಪುಕ್ಕಟೆ ನೋಡುತ್ತಿದ್ದರು. ಆಮೊಸ್ ಒಗೆದ ಕಾಲರು ಹಾಕಿಕೊಂಡು, ಕೂದಲಿಗೆ ನೀರು ಸವರಿಕೊಂಡು ಹೋದ. ಕಾಯುವ ಕೋಣೆಯಲ್ಲಿ ಕೂತು ಕಣ್ಣೆತ್ತಿದರೆ, ಎದುರು ಗೋಡೆಯಲ್ಲಿ ತಾನೇ. ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ನಾಲಿಗೆ ಚಾಚಿಕೊಂಡು. ಪಕ್ಕದಲ್ಲಿ ಕೂತಿದ್ದ ಕೆಮ್ಮಿನ ಹೆಂಗಸು ಒಮ್ಮೆ ಗೋಡೆ ನೋಡಿದಳು, ಒಮ್ಮೆ ಇವನನ್ನು ನೋಡಿದಳು, ಇನ್ನೊಬ್ಬಳನ್ನು ಮೊಣಕೈಯಲ್ಲಿ ತಿವಿದಳು. ಕೆಮ್ಮು, ಕೀಲುನೋವು, ಕಣ್ಣುಬೇನೆ ಎಲ್ಲ ಮರೆತು ಇಡೀ ಕೋಣೆ ಕಿಸಿಕಿಸಿ ಅನ್ನತೊಡಗಿತು. ಆಮೊಸ್ ನೆಲ ನೋಡುತ್ತ ಕೂತ. ಎದ್ದು ಹೋಗಿಬಿಡಲೇ ಅನ್ನಿಸಿತು, ಆದರೆ ಹೋಗಲಿಲ್ಲ.

ಒಳಗೆ ಹೋದಾಗ ಡಾಕ್ಟರು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ಗಂಭೀರ ಮನುಷ್ಯ, ಬಿಳಿ ಕೆನ್ನೆಗಡ್ಡ, ದಣಿದ ಕಣ್ಣು. ಆಮೊಸ್‌ಗೆ ಧೈರ್ಯ ಬಂತು.

"ಕೂತ್ಕೊಳ್ಳಿ. ಏನು ತೊಂದ್ರೆ?"

"ನೋವು ಸರ್. ಹೃದಯದಲ್ಲಿ."

"ಎಲ್ಲಿ, ಕೈ ಇಟ್ಟು ತೋರ್ಸಿ" ಎಂದು ಡಾಕ್ಟರು ತಲೆ ಎತ್ತಿದರು.

ಹೃದಯ ಎಂಬ ಮಾತು ಆಗಿತ್ತಲ್ಲ, ಕೈ ಯಾರನ್ನೂ ಕೇಳದೆ ಹೊರಟಿತ್ತು. ಹುಬ್ಬು ಮೇಲಕ್ಕೆ, ಕೆನ್ನೆ ಕೆಳಕ್ಕೆ, ಅಂಗೈ ಬಲ ಎದೆಯ ಮೇಲೆ.

ಡಾಕ್ಟರು ಆ ಕೈ ನೋಡಿದರು, ಮುಖ ನೋಡಿದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ನಕ್ಕರು. ಬೆಳಗ್ಗೆಯಿಂದ ಹುಣ್ಣು, ಕ್ಷಯ, ಸಾವು ನೋಡಿ ನೋಡಿ ಸಾಕಾಗಿದ್ದ ಮನುಷ್ಯ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಅಯ್ಯೋ ದೇವರೇ! ಬ್ರಾಬಿನ್ನನ ರೋಗಿ! ನೀನೇ ಅಲ್ವೇನಯ್ಯಾ? ನಾನು ಪೂರ್ತಿ ನಂಬಿಬಿಟ್ಟಿದ್ದೆ! ಆ ಹಳೇ ತಪ್ಪನ್ನ ನನ್ನ ಮುಂದೇನೇ ಆಡಿ ತೋರಿಸೋಕೆ ಕಳಿಸಿದಾನಾ ಆ ಪೋಕರಿ?"

"ಅಲ್ಲ ಸರ್, ತಪ್ಪಾಯ್ತು, ಈ ಕಡೆ..." ಆಮೊಸ್ ಗಾಬರಿಯಿಂದ ಕೈಯನ್ನು ಎಡಕ್ಕೆ ಸರಿಸಿದ.

"ಸರಿದುಬಿಡ್ತಾ! ಇಷ್ಟು ಬೇಗ!" ಡಾಕ್ಟರು ಮೇಜು ಹಿಡಿದುಕೊಂಡರು. "ಸಾಕಪ್ಪ, ಸಾಕು, ಹೊರಗೆ ನಿಜವಾದ ರೋಗಿಗಳು ಕಾಯ್ತಿದಾರೆ. ಬುಧವಾರದ ಪತ್ರಿಕೇಲಿ ನೋಡ್ತೀನಿ ಅಂತ ಹೇಳು ನಿಮ್ಮ ಯಜಮಾನನಿಗೆ. ನನ್ನ ಮೂಗು ಮಾತ್ರ ಚಿಕ್ಕದಾಗಿ ಬರೀಬೇಕು, ಗೊತ್ತಾಯ್ತಾ?" ಎಂದು ಬೆನ್ನ ಮೇಲೆ ಕೈ ಹಾಕಿ, ಅಕ್ಕರೆಯಿಂದಲೇ, ಬಾಗಿಲ ತನಕ ಬಂದು ಬಿಟ್ಟರು.

ಬೀದಿಯಲ್ಲಿ ಆಮೊಸ್ ತನ್ನ ಬಲಗೈಯನ್ನು ಎತ್ತಿ ನೋಡಿದ. ಹಾಳಾದ ಕೈ. ಅದರ ಮೇಲೆ ಅವನಿಗೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಕಬ್ಬಿಣದ ಕಟಕಟೆಗೆ ಒಮ್ಮೆ ಬಡಿದೂ ಬಡಿದ. ಬೆರಳು ನೊಂದದ್ದಷ್ಟೇ ಲಾಭ.

ಡಾಕ್ಟರು ಈ ಕತೆಯನ್ನು ಊಟದ ಮೇಜಿನಲ್ಲಿ ಹೇಳಿದರು. ಹೇಳದೆ ಇರುತ್ತಾರೆಯೇ? ಅದು ಬಾಯಿಂದ ಬಾಯಿಗೆ ಹೋಗಿ ಸೋಮವಾರದೊಳಗೆ ಬ್ರಾಬಿನ್ನನ ಕಿವಿ ಮುಟ್ಟಿತು. ಆಮೊಸ್ ಬಾಗಿಲು ತೆರೆಯುವಷ್ಟರಲ್ಲಿ ಅವನು ಎರಡು ಕೈಯಿಂದಲೂ ಅವನ ಭುಜ ಹಿಡಿದು ಅಲ್ಲಾಡಿಸಿದ.

"ಕಳ್ಳ! ಹನ್ನೊಂದು ವರ್ಷ ಮಂಕನ ಹಾಗೆ ಕೂತು, ಕಡೆಗೆ ನನಗಿಂತ ದೊಡ್ಡ ತಮಾಷೆ ಮಾಡಿದೆಯಲ್ಲೋ! ಕಾಲ್ತರ್ಪ್‌ಗೇ ಟೋಪಿ! ಬಾ, ಇವತ್ತು ಅದನ್ನೇ ಬರಿಯೋದು."

ಆಮೊಸ್ ಬಾಯಿ ತೆರೆದ. ಹೇಳಿದರೆ ಸೋಮವಾರ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಹೋಗಿ ಕುರ್ಚಿಯಲ್ಲಿ ಕೂತ. ಬೊಂಬೆಗೆ ಟೋಪಿ ಹಾಕಿದ್ದಾಯಿತು.

"ಈಗ ಕೇಳು. ಅಚ್ಚಿನಲ್ಲಿ ನೀನು ಬಲ ಎದೆ ಹಿಡ್ಕೊಂಡಿರಬೇಕು, ಅದೇ ತಮಾಷೆ. ಅಂದ್ಮೇಲೆ ಇವತ್ತು ಎಡಗಡೆ ಇಡು. ಅಲ್ಲಲ್ಲ, ಆ ಕಡೆ ಅಲ್ಲ! ಎಡ, ಎಡ! ನಿನ್ನ ನಿಜವಾದ ಹೃದಯ ಎಲ್ಲಿದೆಯೋ ಅಲ್ಲಿ ಇಡಪ್ಪಾ, ತಂದೆ!"

ಹನ್ನೊಂದು ವರ್ಷದ ಮೇಲೆ ಆ ಕೋಣೆಯಲ್ಲಿ ಆಮೊಸ್ ಕೈಯನ್ನು ತನ್ನ ಹೃದಯದ ಮೇಲೆ ಇಟ್ಟ. ಬೆಳಗ್ಗೆ ಮೆಟ್ಟಿಲು ಹತ್ತಿ ಬಂದಾಗಿನಿಂದ ಒಳಗೆ ಗುಸುಗುಡುತ್ತಿದ್ದ ನೋವು, ಕಾದಿದ್ದಂತೆ, ಆ ಅಂಗೈಯ ಕೆಳಗೆ ಎದ್ದಿತು. ಮುಷ್ಟಿ ಬಿಗಿಯಿತು. ದವಡೆಗೆ ಹತ್ತಿತು, ತೋಳಿಗೆ ಇಳಿಯಿತು. ಹಣೆಯಲ್ಲಿ ಬೆವರು ಒಡೆಯಿತು. ಅವನು ಅಲುಗಾಡಲಿಲ್ಲ. ಅಲುಗಾಡಬಾರದು ಎಂದು ಕಲಿತಿದ್ದನಲ್ಲ, ಅದನ್ನೂ ಮರೆಯಲಾರದೆ ಹೋದ.

ಬ್ರಾಬಿನ್ ಗುನುಗುತ್ತ ಬರೆದ. ಬರೆಯುವವರ ಕಣ್ಣು ಅದೊಂದು ವಿಚಿತ್ರ. ಗೆರೆ ನೋಡುತ್ತದೆ, ಮನುಷ್ಯನನ್ನು ನೋಡುವುದಿಲ್ಲ. ಹುಬ್ಬಿನ ಗೆರೆ, ಬಾಯಿಯ ಗೆರೆ, ಕೆನ್ನೆಯ ಮೇಲೆ ಇಳಿದ ಹನಿ. ಒಂದೊಂದನ್ನೂ ಇದ್ದ ಹಾಗೆ ಅಚ್ಚಿಗೆ ಇಳಿಸಿದ. ಮುಗಿದ ಮೇಲೆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಗುನುಗು ನಿಂತಿತು.

"ಥತ್! ಕೆಡಿಸಿಬಿಟ್ಟೆಯಲ್ಲಯ್ಯಾ ವಿಕೆರಿ! ಏನಾಗಿದೆ ನಿನಗೆ ಇವತ್ತು? ಇದ್ರಲ್ಲಿ ನಗು ಎಲ್ಲಿದೆ? ಇದು ನಿಜವಾಗ್ಲೂ ನೋಯ್ತಿರೋನ ಮುಖ. ಇದನ್ನ ನೋಡಿ ಯಾರಯ್ಯಾ ನಗ್ತಾರೆ?"

ಅಂದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ನಿಧಾನವಾಗಿ ಅಚ್ಚಿನ ಮೇಲಿಂದ ಕಣ್ಣು ತೆಗೆದು ಕುರ್ಚಿಯ ಕಡೆ ನೋಡಿದ. ಆಮೊಸ್ ಇನ್ನೂ ಹಾಗೇ ಕೂತಿದ್ದ. ತುಟಿ ನೀಲಿಗಟ್ಟಿತ್ತು.

"ವಿಕೆರಿ... ಕಾಲ್ತರ್ಪ್ ಹತ್ರ ನೀನು ಯಾಕೆ ಹೋಗಿದ್ದೆ?"

"ನೋವು ಅಂತ ಸರ್" ಎಂದ ಆಮೊಸ್, ಹಲ್ಲು ಕಚ್ಚಿಕೊಂಡೇ. "ಮುಗೀತಾ? ಅಲುಗಾಡಬಹುದಾ?"

ಬ್ರಾಬಿನ್ ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ, ಕೈಯಲ್ಲಿ ಅಚ್ಚು ಹಿಡಿದುಕೊಂಡೇ ಓಡಿದ. ಆಮೇಲೆ ಅವನೇ ಹೇಳಿಕೊಂಡ ಪ್ರಕಾರ, ಡಾಕ್ಟರು ಮೊದಲು ಅವನನ್ನೂ ನಂಬಲಿಲ್ಲ. "ಒಂದೇ ಬಾವಿಗೆ ಎರಡು ಸಲ ಬೀಳೋನಲ್ಲಪ್ಪ ನಾನು" ಎಂದು ನಕ್ಕರಂತೆ. ಬ್ರಾಬಿನ್ ಅಳುವ ದನಿಯಲ್ಲಿ ಏನು ಹೇಳಿದರೂ ಅದೂ ನಟನೆಯೇ. ಕಡೆಗೆ ಅಚ್ಚನ್ನು ಅವರ ಮುಖಕ್ಕೆ ಹಿಡಿದ. ಇನ್ನೂ ಕೆತ್ತದ, ಒತ್ತದ ಅಚ್ಚು; ಅದರಲ್ಲಿ ತಿರುವುಮುರುವು ಆಗಿರಲಿಲ್ಲ. ಕೈ ಇರಬೇಕಾದ ಕಡೆಯೇ ಇತ್ತು. ಆ ದವಡೆ, ಆ ಬೆವರು. ಡಾಕ್ಟರು ಒಂದು ಕ್ಷಣ ನೋಡಿದವರು ಚೀಲಕ್ಕೆ ಕೈ ಹಾಕಿದರಂತೆ.

ಬಂದರು. ಆಮೊಸ್‌ನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ತಲೆ ಎತ್ತಿದಾಗ ಅವರ ಮುಖ ಇಳಿದಿತ್ತು. ಮುಖದ ಸಂಬಳ ತಿಂದವನು ಆಮೊಸ್. ಆ ಇಳಿದ ಮುಖದಲ್ಲಿ ಇದ್ದದ್ದೆಲ್ಲ ಅವನಿಗೆ ಓದಲು ಬಂತು.

"ಆವತ್ತೇ ಸರಿಯಾಗಿ ಯಾಕಪ್ಪಾ ಹೇಳಲಿಲ್ಲ?" ಅಂದರು ಡಾಕ್ಟರು, ಮೆಲ್ಲಗೆ.

"ಹೇಳಿದೆ ಸರ್. ನೀವು ನಗ್ತಾ ಇದ್ರಿ."

ಡಾಕ್ಟರು ಚೀಲ ಬಿಚ್ಚಿದರು. ಬ್ರಾಂದಿ ಕುಡಿಸಿದರು, ತೊಟ್ಟು ತೊಟ್ಟಾಗಿ ಹಾಕಿಕೊಳ್ಳುವ ಔಷಧಿ ಕೊಟ್ಟರು. ಇನ್ನು ಮೆಟ್ಟಿಲು ಹತ್ತಿ ಇಳಿಯಕೂಡದು, ಅಂಗಡಿ ಕೂಡದು, ಮಲಗಿರಬೇಕು ಎಂದರು. ಬ್ರಾಬಿನ್ ಮತ್ತು ಬಂಡಿಯವನು ಸೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೂರನೇ ಅಂತಸ್ತಿಗೆ ಹೊತ್ತರು. ಬಂಡಿಯವನು ನಾಲಿಗೆಯ ಮಾತು ಎತ್ತಲಿಲ್ಲ. ಮಿಸೆಸ್ ಪಾಟಲ್ ಬಾಗಿಲಲ್ಲಿ ನಿಂತು ಬಾಯಿಗೆ ಏಪ್ರನ್ ಹಿಡಿದು ಅತ್ತಳು. ಎಲ್ಲರೂ ನಂಬಿದರು. ಆಮೊಸ್ ಬಯಸಿದ್ದು ಒಬ್ಬರನ್ನು, ಸಿಕ್ಕಿದ್ದು ಇಡೀ ಬೀದಿ.

ನಂಬಿದವರು ಏನು ಮಾಡಿದರು ಗೊತ್ತೇ? ದೂರವಾದರು. ಕೆಟ್ಟತನದಿಂದಲ್ಲ, ಮರ್ಯಾದೆಯಿಂದ. ಮಿಸೆಸ್ ಪಾಟಲ್ ಕುರಿಮಾಂಸದ ಗಂಜಿಯನ್ನು ಬಾಗಿಲ ಹೊರಗೆ ಇಟ್ಟು, ಎರಡು ಸಲ ಮೆಲ್ಲಗೆ ತಟ್ಟಿ, ಹೆಣದ ಮನೆಯಿಂದ ಹೋಗುವವಳ ಹಾಗೆ ತುದಿಗಾಲಲ್ಲಿ ಇಳಿದುಹೋಗುತ್ತಿದ್ದಳು. "ಯಾವ ಬುಧವಾರದ್ದು?" ಎಂದು ಕೇಳಲಿ ಎಂದು ಅವನು ಒಳಗಿಂದ ಕಾಯುತ್ತಿದ್ದ, ಕೇಳಲಿಲ್ಲ. ಕೆಳಗೆ ಬೀದಿಯಲ್ಲಿ ಬಂಡಿಗಳು ಹೋಗುತ್ತಿದ್ದವು, ಯಾರೂ ಕೂಗುತ್ತಿರಲಿಲ್ಲ.

ಬ್ರಾಬಿನ್ ಒಮ್ಮೆ ಬಂದ, ದ್ರಾಕ್ಷಿ ತಂದ. ಕೂಲಿಯನ್ನು ವಾರವಾರವೂ ಕಳಿಸುತ್ತೇನೆ ಎಂದ, ಕಳಿಸಿದ ಕೂಡ. ಆದರೆ ಕೂತಷ್ಟು ಹೊತ್ತೂ ಕಿಟಕಿ ನೋಡಿದ, ದ್ರಾಕ್ಷಿ ನೋಡಿದ, ತನ್ನ ಬೂಟು ನೋಡಿದ. ಹನ್ನೊಂದು ವರ್ಷ ಕಣ್ಣು ಕೀಳದೆ ನೋಡಿದ ಮುಖವನ್ನು ಮಾತ್ರ ನೋಡಲಾರದೆ ಹೋದ.

"ಸರ್, ಇಲ್ಲೇ ಬರೀಬಹುದಲ್ಲ?" ಎಂದು ಆಮೊಸ್ ಕೇಳಿದ. "ಹಾಸಿಗೆ ಇದೆ, ಕುಲಾವಿ ಇದೆ. ಬೆಳಕೂ ಪರವಾಗಿಲ್ಲ. ಸೋಮವಾರ ಬನ್ನಿ. ನಾನು ಚೆನ್ನಾಗಿ ಮಾಡ್ತೀನಿ."

"ಛೇ, ಏನು ಮಾತೂಂತ ಆಡ್ತೀಯಾ ವಿಕೆರಿ? ನನ್ನ ಕೈಲಾಗಲ್ಲ ಕಣಯ್ಯಾ. ಇನ್ನು ನಿನ್ನ ಮುಖ ಇಟ್ಕೊಂಡು ಯಾರನ್ನ ಹೇಗೆ ನಗಿಸಲಿ?" ಬ್ರಾಬಿನ್ ಟೋಪಿ ಎತ್ತಿಕೊಂಡ. ಅವನು ಬೇಗಬೇಗ ಎದ್ದು ಹೋದ, ಮತ್ತೆ ಬರಲಿಲ್ಲ. ಬುಧವಾರದ ಪತ್ರಿಕೆಯಲ್ಲಿ ಒಬ್ಬ ದಪ್ಪನೆಯ ರೋಗಿ ಕಾಣಿಸಿಕೊಂಡ. ಜನ ಅವನಿಗೂ ನಕ್ಕರು.

ಉಳಿದವರು ಡಾಕ್ಟರ್ ಕಾಲ್ತರ್ಪ್ ಒಬ್ಬರು. ತಮ್ಮ ತಪ್ಪು ಅವರನ್ನು ಕೊರೆಯುತ್ತಿತ್ತೋ ಏನೋ, ಶುಕ್ರವಾರದ ರೋಗಿಗಳನ್ನು ಮುಗಿಸಿ ಆ ಮೂರು ಅಂತಸ್ತು ಹತ್ತಿ ಬರುತ್ತಿದ್ದರು. ಬಂದರೆ ಕೂರುತ್ತಿರಲಿಲ್ಲ. ನಾಡಿ ಹಿಡಿದು, ಗಡಿಯಾರ ನೋಡಿ, "ಸರಿ, ಅದನ್ನೇ ಮುಂದುವರಿಸಿ" ಎಂದು ಚೀಲ ಎತ್ತುವರು. ಅವರ ಮುಖ ಯಾವಾಗಲೂ ಇಳಿದೇ ಇರುತ್ತಿತ್ತು. ಆಮೊಸ್ ಶನಿವಾರದಿಂದಲೇ ಶುಕ್ರವಾರವನ್ನು ಕಾಯತೊಡಗಿದ. ಏನಾದರೂ ಹೇಳಬೇಕು, ಅವರನ್ನು ಸ್ವಲ್ಪ ನಿಲ್ಲಿಸಿಕೊಳ್ಳಬೇಕು ಎಂದು ವಾರವೆಲ್ಲ ಮಾತು ಹುಡುಕುವನು. ಮಾತು ಎಂದಾದರೂ ಅವನಿಗೆ ಒಲಿದಿತ್ತೇ? ಚೀಲ ಮುಚ್ಚುವ ಸದ್ದು ಕೇಳಿದರೆ ಎದೆಯಲ್ಲಿ ಹಿಂಡುತ್ತಿತ್ತು, ಅದು ರೋಗದ್ದಲ್ಲ.

ಮೇ ತಿಂಗಳ ಒಂದು ಶುಕ್ರವಾರ ಡಾಕ್ಟರು ಬಂದರು, ಬಾಗಿಲಲ್ಲೇ ನಿಂತು ಉಸಿರು ತೆಗೆದುಕೊಂಡರು. ಹೊರಗೆ ಇನ್ನೊಂದು ಮನೆಗೆ ಹೋಗುವ ಬಂಡಿ ಕಾಯುತ್ತಿತ್ತು. ಹಾಸಿಗೆಯ ಹತ್ತಿರ ಬಂದು ಎಂದಿನ ದನಿಯಲ್ಲಿ ಕೇಳಿದರು.

"ನೋವು ಹೇಗಿದೆ? ಎಲ್ಲಿ ಬರ್ತಿದೆ ಇವತ್ತು?"

ನೋವು ಎಡಗಡೆಯೇ ಇತ್ತು, ಬೆಳಗ್ಗೆಯಿಂದ ಬಿಟ್ಟಿರಲಿಲ್ಲ. ಆಮೊಸ್ ಅವರ ಮುಖವನ್ನು ನೋಡಿದ. ಕೈಗೆ ಈಗ ಸರಿಯಾದ ಜಾಗ ಚೆನ್ನಾಗಿ ಗೊತ್ತಿತ್ತು. ಅವನು ಹುಬ್ಬು ಮೇಲಕ್ಕೆತ್ತಿದ, ಕೆನ್ನೆ ಇಳಿಬಿಟ್ಟ, ತುಂಬ ನಿಧಾನವಾಗಿ, ಬೇಕೆಂದೇ, ಅಂಗೈಯನ್ನು ಬಲ ಎದೆಯ ಮೇಲೆ ಇಟ್ಟ.

ಡಾಕ್ಟರು ಬೆಚ್ಚಿ ನೋಡಿದರು. ತುಟಿಯನ್ನು ಬಿಗಿಹಿಡಿಯಲು ನೋಡಿದರು, ಆಗಲಿಲ್ಲ. ನಗು ಬಂದೇಬಿಟ್ಟಿತು; ತಡೆದಷ್ಟೂ ಉಕ್ಕಿ, ಕಣ್ಣಲ್ಲಿ ನೀರು ತುಂಬಿ, ನಿಲ್ಲಲಾರದೆ ಅವರು ಕುರ್ಚಿ ಎಳೆದುಕೊಂಡು ಕೂತರು.

ಆಮೊಸ್ ಕೈಯನ್ನು ತೆಗೆಯಲಿಲ್ಲ. ಅವರು ಕೂತಿರುವ ತನಕ ಅದು ಅಲ್ಲೇ ಇರಲಿ ಎಂದುಕೊಂಡ.